ರಮ್ಯ ಸಾಹಿತ್ಯದಲ್ಲಿ ಭೂತ ನಿಜವಾಗಿಯೂ ಮನಸ್ಸಿನೊಳಗೆ ಹೋಯಿತೇ?

ಪ್ರಶ್ನೆ: ಹಾಳೆಯಂಚು

ಯುರೋಪಿನ ರಮ್ಯ (ರೊಮ್ಯಾಂಟಿಕ್) ಸಾಹಿತ್ಯವನ್ನು ಪರಿಚಯಿಸುವ ಪುಸ್ತಕಗಳಲ್ಲಿ ಒಂದು ಮಾತು ಪದೇ ಪದೇ ಬರುತ್ತದೆ. ಹಿಂದಿನ ಕಾಲದಲ್ಲಿ ರಾಕ್ಷಸರೂ ದೆವ್ವಗಳೂ ಮನುಷ್ಯನ ಹೊರಗೆ, ಕಾಡಿನಲ್ಲೋ ಪಾತಾಳದಲ್ಲೋ ಇದ್ದವು. ಹದಿನೆಂಟನೆಯ ಶತಮಾನದ ವೈಚಾರಿಕತೆ ಅವನ್ನು ಓಡಿಸಿತು. ಆ ಶತಮಾನದ ಕೊನೆಗೆ ಬಂದ ರಮ್ಯ ಕವಿಗಳು ಅವನ್ನು ಮರಳಿ ಕರೆತಂದು ಮನುಷ್ಯನ ಮನಸ್ಸಿನೊಳಗೆ ಕೂರಿಸಿದರು ಎಂಬುದು ಆ ಮಾತಿನ ತಿರುಳು. ಇದಕ್ಕೆ ಸಾಕ್ಷಿಯಾಗಿ ಸ್ಪೇನಿನ ಚಿತ್ರಕಾರ ಗೋಯಾ 1799ರಲ್ಲಿ ಪ್ರಕಟಿಸಿದ ‘ಕಪ್ರಿಚೋಸ್’ ಮಾಲೆಯ 43ನೆಯ ಚಿತ್ರವನ್ನು ತೋರಿಸುವುದು ವಾಡಿಕೆ. ಮೇಜಿಗೆ ತಲೆಯಾನಿಸಿ ಮಲಗಿದ ಒಬ್ಬಾತ, ಅವನ ಬೆನ್ನ ಹಿಂದೆ ಗೂಬೆ ಬಾವಲಿಗಳ ಹಿಂಡು, ವಿವೇಕ ನಿದ್ರಿಸಿದರೆ ರಾಕ್ಷಸರು ಹುಟ್ಟುತ್ತಾರೆ ಎಂಬ ಬರಹ.

ಕೃತಿಗಳನ್ನೇ ಮುಂದಿಟ್ಟುಕೊಂಡು ಓದಿದಾಗ ಈ ಸೂತ್ರ ಹೊಂದುವುದು ಕಷ್ಟ. ಕೋಲ್‌ರಿಜ್‌ನ ಮುದಿ ನಾವಿಕನ ಕಥನಕವನದಲ್ಲಿ ಹಡಗಿನ ಇನ್ನೂರು ಮಂದಿ ಒಬ್ಬೊಬ್ಬರಾಗಿ ಉರುಳಿ ಸಾಯುತ್ತಾರೆ. ಅದು ಯಾರ ಭ್ರಮೆಯೂ ಅಲ್ಲ. ಮೇರಿ ಶೆಲ್ಲಿಯ ‘ಫ್ರಾಂಕೆನ್‌ಸ್ಟೈನ್’ ಕಾದಂಬರಿಯಲ್ಲಿ ವಿಕ್ಟರ್ ಎಂಬ ವಿಜ್ಞಾನಿ ಹುಟ್ಟಿಸಿದ ಜೀವಿ ಎಂಟು ಅಡಿ ಎತ್ತರದವನು, ಅವನು ಕೊಂದವರ ಕುತ್ತಿಗೆಯ ಮೇಲೆ ಬೆರಳಿನ ಗುರುತು ಉಳಿಯುತ್ತದೆ, ಕೊನೆಯಲ್ಲಿ ಹಡಗಿನ ನಾಯಕ ವಾಲ್ಟನ್ ಅವನನ್ನು ತನ್ನ ಕಣ್ಣಿನಿಂದಲೇ ಕಾಣುತ್ತಾನೆ. ಇನ್ನೊಂದು ಕಡೆ, ಈ ಕವಿಗಳಿಗಿಂತ ಮೊದಲೇ ಹೆಸರು ಮಾಡಿದ್ದ ಆನ್ ರ‍್ಯಾಡ್‌ಕ್ಲಿಫ್ ತಾನು ಬದುಕಿದ್ದಾಗ ಪ್ರಕಟಿಸಿದ ಕಾದಂಬರಿಗಳ ಭೂತಚೇಷ್ಟೆಗಳನ್ನೆಲ್ಲ ಸಹಜ ಕಾರಣಗಳ ಅಥವಾ ನಾಯಕಿಯ ಹೆದರಿಕೆಯ ಫಲ ಎಂದು ಕಡೆಗೆ ವಿವರಿಸಿಬಿಡುತ್ತಾಳೆ. ಹಾಗಾದರೆ ಭೂತ ಮನಸ್ಸಿನೊಳಗೆ ಹೋದದ್ದು ರಮ್ಯ ಕವಿಗಳಿಗಿಂತ ಮುಂಚೆಯೇ ಆಯಿತಲ್ಲವೇ? ಈ ಕಾಲದಲ್ಲಿ ಅತಿಮಾನುಷದ ಕಲ್ಪನೆ ಬದಲಾಯಿತು ಎನ್ನುವುದರಲ್ಲಿ ನನಗೆ ಸಂಶಯವಿಲ್ಲ, ಆದರೆ ಬದಲಾದದ್ದು ನಿಖರವಾಗಿ ಏನು ಎಂಬುದನ್ನು ಕೃತಿಗಳ ಆಧಾರದಿಂದ ಬಲ್ಲವರು ಹೇಳಬೇಕೆಂದು ಕೋರುತ್ತೇನೆ.

ಉತ್ತರ: ಮಸಿಕುಡಿಕೆ

ನಿಮ್ಮ ಅನುಮಾನಕ್ಕೆ ಬಲವಾದ ಆಧಾರವಿದೆ. ಪರಿಚಯದ ಪುಸ್ತಕಗಳು ಹೇಳುವ ಕ್ರಮಕ್ಕೂ ಕೃತಿಗಳು ಹುಟ್ಟಿದ ಕ್ರಮಕ್ಕೂ ತಾಳೆಯಾಗುವುದಿಲ್ಲ.

ಹೊರೇಸ್ ವಾಲ್‌ಪೋಲ್ 1764ರ ಡಿಸೆಂಬರಿನಲ್ಲಿ ‘ಒಟ್ರಾಂಟೊ ಕೋಟೆ’ಯ ಕತೆಯನ್ನು ಹೊರತಂದಾಗ ಅದಕ್ಕೆ ತನ್ನ ಹೆಸರು ಹಾಕಲಿಲ್ಲ. 1529ರಲ್ಲಿ ನೇಪಲ್ಸ್‌ನಲ್ಲಿ ಅಚ್ಚಾದ ಹಳೆಯ ಪುಸ್ತಕವೊಂದರ ಅನುವಾದವಿದು ಎಂದು ಮುನ್ನುಡಿಯಲ್ಲಿ ಕತೆ ಕಟ್ಟಿ, ಆ ಕತ್ತಲ ಕಾಲದ ಜನ ಇಂಥ ಪವಾಡಗಳನ್ನು ನಂಬುತ್ತಿದ್ದರಾದ್ದರಿಂದ ಲೇಖಕನೂ ತನ್ನ ಪಾತ್ರಗಳು ನಂಬುವಂತೆಯೇ ಬರೆಯಬೇಕಾಯಿತು ಎಂದು ಸಮಜಾಯಿಷಿ ಕೊಟ್ಟ. ಪುಸ್ತಕ ಜನರಿಗೆ ಹಿಡಿಸಿದ ಮೇಲೆ 1765ರ ಎರಡನೆಯ ಮುದ್ರಣದಲ್ಲಿ ತಾನೇ ಬರೆದದ್ದೆಂದು ಒಪ್ಪಿಕೊಂಡ. ಆಕಾಶದಿಂದ ದೈತ್ಯ ಶಿರಸ್ತ್ರಾಣವೊಂದು ಬಿದ್ದು ಮದುವೆಯ ದಿನವೇ ಮದುಮಗ ಜಜ್ಜಿಹೋಗುವ ಕತೆಯನ್ನು ತನ್ನ ಕಾಲದ ವಿದ್ಯಾವಂತ ಓದುಗನ ಮುಂದಿಡಲು ಅವನಿಗೆ ಅಷ್ಟೊಂದು ಮುಸುಕು ಬೇಕಾಯಿತು.

ಮೂವತ್ತು ವರ್ಷಗಳ ನಂತರ, 1794ರಲ್ಲಿ, ರ‍್ಯಾಡ್‌ಕ್ಲಿಫ್ ಆ ಮುಜುಗರಕ್ಕೆ ಬೇರೊಂದು ದಾರಿ ಕಂಡುಕೊಂಡಳು. ‘ಉಡಾಲ್ಫೊ’ ಕಾದಂಬರಿಯ ಎರಡನೆಯ ಸಂಪುಟದಲ್ಲಿ ನಾಯಕಿ ಎಮಿಲಿ ಕಪ್ಪು ಪರದೆಯೊಂದನ್ನು ಎತ್ತಿ ನೋಡಿ ಪ್ರಜ್ಞೆ ತಪ್ಪುತ್ತಾಳೆ. ಅವಳು ಕಂಡದ್ದೇನು ಎಂಬುದನ್ನು ಲೇಖಕಿ ಅಲ್ಲಿ ಹೇಳುವುದೇ ಇಲ್ಲ. ನಾಲ್ಕನೆಯ ಸಂಪುಟದ ಕೊನೆಯ ಹೊತ್ತಿಗೆ, ಅದು ಹಿಂದೆ ಆ ಮನೆತನದವನೊಬ್ಬನಿಗೆ ಪ್ರಾಯಶ್ಚಿತ್ತವಾಗಿ ವಿಧಿಸಲಾಗಿದ್ದ ಮೇಣದ ಹೆಣ, ಕೊಳೆತು ಹುಳ ಹಿಡಿದ ದೇಹದ ಪ್ರತಿರೂಪ ಎಂದು ತಿಳಿಯುತ್ತದೆ. ಇಷ್ಟು ದೂರ ಕಾಯಿಸಿ ಮೇಣದ ಬೊಂಬೆ ತೋರಿಸಿದ್ದಕ್ಕೆ ಓದುಗ ಮುನಿಸಿಕೊಂಡರೆ ತಪ್ಪಿಲ್ಲ. ಆದರೆ ಅವಳ ಉದ್ದೇಶ ಸ್ಪಷ್ಟವಾಗಿದೆ: ಭಯ ನಿಜ, ಭೂತ ಸುಳ್ಳು. ಅವಳ ಮರಣಾನಂತರ 1826ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ ಅವಳು ಎರಡು ಬಗೆಯ ಹೆದರಿಕೆಗಳನ್ನು ಬೇರೆ ಮಾಡುತ್ತಾಳೆ. ಒಂದು ಅಸ್ಪಷ್ಟತೆಯಿಂದ ಹುಟ್ಟಿ ಚೈತನ್ಯವನ್ನು ಹಿಗ್ಗಿಸುತ್ತದೆ. ಇನ್ನೊಂದು ಕಣ್ಣೆದುರಿಗೇ ಬಂದು ಅದನ್ನು ಹೆಪ್ಪುಗಟ್ಟಿಸುತ್ತದೆ. ಭಯಾನಕ ಮತ್ತು ಬೀಭತ್ಸಗಳನ್ನು ಪ್ರತ್ಯೇಕ ರಸಗಳೆಂದು ಓದಿ ಬೆಳೆದವರಿಗೆ ಈ ವಿಂಗಡಣೆ ಅಷ್ಟೇನೂ ಹೊಸದೆನಿಸದು.

ಅಂದರೆ ಭೂತವನ್ನು ಮನಸ್ಸಿನ ಲೆಕ್ಕಕ್ಕೆ ಬರೆದದ್ದು ವೈಚಾರಿಕ ಯುಗದ ಪರಿಹಾರ. ಕೋಲ್‌ರಿಜ್ ಅದನ್ನು ಒಪ್ಪಲಿಲ್ಲ. 1798ರ ‘ಲಿರಿಕಲ್ ಬ್ಯಾಲಡ್ಸ್’ ಸಂಕಲನಕ್ಕೆ ತಾನೂ ವರ್ಡ್ಸ್‌ವರ್ತನೂ ಕೆಲಸ ಹಂಚಿಕೊಂಡ ಬಗೆಯನ್ನು ಅವನು 1817ರಲ್ಲಿ ವಿವರಿಸಿದ್ದಾನೆ. ವರ್ಡ್ಸ್‌ವರ್ತ್ ದಿನನಿತ್ಯದ ಬದುಕಿನ ವಸ್ತುಗಳನ್ನು ಎತ್ತಿಕೊಳ್ಳಬೇಕು, ತಾನು ಅತಿಮಾನುಷವನ್ನು. ಅಂಥ ಸಂದರ್ಭ ನಿಜವೆಂದೇ ಇಟ್ಟುಕೊಂಡರೆ ಮನುಷ್ಯನಲ್ಲಿ ಯಾವ ಭಾವಗಳು ಏಳುತ್ತವೆಯೋ ಅವುಗಳ ಸತ್ಯವನ್ನು ತೋರಿಸಬೇಕು. ಓದುಗ ತನ್ನ ಅಪನಂಬಿಕೆಯನ್ನು ಆ ಹೊತ್ತಿಗೆ ಇಷ್ಟಪಟ್ಟು ಬದಿಗಿಡುತ್ತಾನೆ ಎಂಬ ಪ್ರಸಿದ್ಧ ಮಾತು ಬರುವುದು ಇಲ್ಲಿಯೇ. ಭೂತ ಇದೆಯೇ ಇಲ್ಲವೇ ಎಂಬ ಪ್ರಶ್ನೆಯನ್ನೇ ಅವನು ಬಿಟ್ಟುಕೊಟ್ಟ.

ಇನ್ನು ಗೋಯಾನ ಚಿತ್ರ. ಅದಕ್ಕೆ ಸೇರಿದಂತೆ ಪ್ರಾದೊ ಸಂಗ್ರಹಾಲಯದಲ್ಲಿರುವ ಹಸ್ತಪ್ರತಿಯ ಟಿಪ್ಪಣಿ, ವಿವೇಕ ಕೈಬಿಟ್ಟ ಕಲ್ಪನೆ ಅಸಂಭವ ರಾಕ್ಷಸರನ್ನು ಹೆರುತ್ತದೆ, ವಿವೇಕದೊಡನೆ ಕೂಡಿದ ಕಲ್ಪನೆ ಕಲೆಗಳಿಗೆಲ್ಲ ತಾಯಿ ಎನ್ನುತ್ತದೆ. ಉಲ್ಲೇಖಿಸುವವರು ಸಾಮಾನ್ಯವಾಗಿ ಮೊದಲರ್ಧಕ್ಕೇ ನಿಲ್ಲಿಸುತ್ತಾರೆ.

ಉತ್ತರ: ಕಡಲಕಾಗೆ

ಮಸಿಕುಡಿಕೆಯವರು ಕ್ರಮವನ್ನು ಸರಿಪಡಿಸಿದ್ದಾರೆ. ಬದಲಾದದ್ದು ಏನು ಎಂಬ ಮೂಲಪ್ರಶ್ನೆಗೆ ನನ್ನ ಉತ್ತರ ಹೀಗಿದೆ: ಭೂತದ ವಾಸಸ್ಥಳಕ್ಕಿಂತ ಹೆಚ್ಚಾಗಿ ಅದರ ಉದ್ಯೋಗ ಬದಲಾಯಿತು. ಅದುವರೆಗೆ ಅತಿಮಾನುಷಕ್ಕೆ ಕತೆಯಲ್ಲಿ ಒಂದು ನ್ಯಾಯಾಧಿಕಾರವಿತ್ತು. ರಮ್ಯರ ಕೈಯಲ್ಲಿ ಆ ಅಧಿಕಾರ ಹೋಯಿತು.

ಒಟ್ರಾಂಟೊವನ್ನೇ ತೆಗೆದುಕೊಳ್ಳಿ. ಆ ಕೋಟೆಯ ಒಡೆಯ ಮ್ಯಾನ್‌ಫ್ರೆಡ್. ಮ್ಯಾನ್‌ಫ್ರೆಡ್‌ನ ಅಜ್ಜ ರಿಕಾರ್ಡೊ ತನ್ನ ಒಡೆಯ ಅಲ್ಫಾನ್ಸೊನಿಗೆ ವಿಷವಿಕ್ಕಿ, ಸುಳ್ಳು ಉಯಿಲು ಹುಟ್ಟಿಸಿ ಸಂಸ್ಥಾನವನ್ನು ನುಂಗಿದ್ದ. ಕತೆಯ ಅಷ್ಟೂ ಅದ್ಭುತಗಳು ಆ ಹಳೆಯ ಪಾತಕವನ್ನು ಹೊರಗೆಳೆಯುವುದಕ್ಕಾಗಿಯೇ ಇವೆ. ಕೊನೆಯಲ್ಲಿ ಕೋಟೆಯ ಗೋಡೆ ಬಿರಿದು, ಅಲ್ಫಾನ್ಸೊನ ರೂಪ ದೈತ್ಯಾಕಾರಕ್ಕೆ ಬೆಳೆದು, ಥಿಯೊಡೋರನೇ ನಿಜವಾದ ವಾರಸುದಾರ ಎಂದು ಸಾರಿ ಸ್ವರ್ಗಕ್ಕೆ ಏರುತ್ತದೆ. ನೋಡಲು ಎಷ್ಟೇ ವಿಲಕ್ಷಣವಾಗಿದ್ದರೂ ಇದೊಂದು ಆಸ್ತಿವ್ಯಾಜ್ಯದ ತೀರ್ಪು. ಜರ್ಮನಿಯಲ್ಲಿ 1774ರಲ್ಲಿ ಪ್ರಕಟವಾಗಿ, 1796ರಲ್ಲಿ ಇಂಗ್ಲಿಷಿಗೆ ಹಲವರ ಕೈಯಿಂದ ಬಂದ ಬ್ಯೂರ್ಗರ್‌ನ ‘ಲೆನೋರೆ’ ಕಥನಕವನವೂ ಹೀಗೆಯೇ. ಪ್ರಾಗ್ ಯುದ್ಧಕ್ಕೆ ಹೋದ ಪ್ರಿಯತಮ ಮರಳದಿದ್ದಾಗ ಹುಡುಗಿ ದೇವರನ್ನು ದೂಷಿಸುತ್ತಾಳೆ. ಅದೇ ರಾತ್ರಿ ಅವನ ವೇಷದಲ್ಲಿ ಬಂದ ಸವಾರ ಅವಳನ್ನು ಕುದುರೆಯೇರಿಸಿಕೊಂಡು ಸ್ಮಶಾನಕ್ಕೆ ಒಯ್ಯುತ್ತಾನೆ. ಎದೆಯೊಡೆದರೂ ತಾಳಿಕೋ, ದೇವರೊಡನೆ ಜಗಳ ಬೇಡ ಎಂದು ಪ್ರೇತಗಳು ಸುತ್ತ ಕುಣಿಯುತ್ತವೆ. ಅಪರಾಧವೂ ಶಿಕ್ಷೆಯೂ ಎದುರುಬದುರಾಗಿ ನಿಂತಿವೆ.

ಈಗ ಮುದಿ ನಾವಿಕನ ಕಡೆಗೆ ಬನ್ನಿ. ಅವನು ಬಿಲ್ಲಿನಿಂದ ಒಂದು ಆಲ್ಬಟ್ರಾಸ್ ಹಕ್ಕಿಯನ್ನು ಕೊಂದ. ಏಕೆ ಕೊಂದ ಎಂಬುದಕ್ಕೆ ಕವನದಲ್ಲಿ ಒಂದು ಮಾತಿನ ಕಾರಣವೂ ಇಲ್ಲ. ಸಹನಾವಿಕರು ಮೊದಲು ಅವನನ್ನು ಬಯ್ದು, ಮಂಜು ಕರಗಿದ ಕೂಡಲೇ ಒಳ್ಳೆಯದಾಯಿತೆಂದು ಹೊಗಳುತ್ತಾರೆ. ಇದರಿಂದ ಅವರೂ ಪಾಪದಲ್ಲಿ ಪಾಲುದಾರರಾದರು ಎಂದು 1817ರಲ್ಲಿ ಕೋಲ್‌ರಿಜ್ ಅಂಚಿಗೆ ಸೇರಿಸಿದ ಟಿಪ್ಪಣಿ ಹೇಳುತ್ತದೆ. ಈ ತಪ್ಪಿಗೆ ಅವರೆಲ್ಲರಿಗೂ ಮರಣ, ಹಕ್ಕಿಯನ್ನು ಕೊಂದವನಿಗೆ ಮಾತ್ರ ಜೀವ. ಅದನ್ನು ನಿರ್ಧರಿಸಿದ್ದು ಯಾವ ದೇವರ ಸಭೆಯೂ ಅಲ್ಲ: ಹಲಗೆಗಳಿಲ್ಲದ ಅಸ್ಥಿಪಂಜರದಂಥ ಹಡಗಿನ ಮೇಲೆ ಸಾವೂ ‘ಸಾವಿನಂಥ ಬದುಕು’ ಎಂಬ ಹೆಣ್ಣೂ ಕೂತು ದಾಳ ಉರುಳಿಸುತ್ತಾರೆ, ನಾವಿಕ ಅವಳ ಪಾಲಿಗೆ ಬೀಳುತ್ತಾನೆ. ಅತಿಮಾನುಷ ಇಲ್ಲಿ ಪೂರ್ತಿಯಾಗಿ ಇದೆ, ಹೊರಗೇ ಇದೆ. ಅದರಲ್ಲಿ ನ್ಯಾಯವಿಲ್ಲ, ಅಷ್ಟೇ.

ಕವಯಿತ್ರಿ ಅನ್ನಾ ಬಾರ್ಬೋಲ್ಡ್ ಈ ಕವನದಲ್ಲಿ ಸಂಭವನೀಯತೆಯೂ ಇಲ್ಲ, ನೀತಿಯೂ ಇಲ್ಲ ಎಂದು ದೂರಿದಾಗ ಕೋಲ್‌ರಿಜ್ ಕೊಟ್ಟ ಉತ್ತರ 1830ರ ಅವನ ಸಂಭಾಷಣೆಗಳ ದಾಖಲೆಯಲ್ಲಿದೆ. ನೀತಿ ಇಲ್ಲವೆನ್ನುವುದಕ್ಕಿಂತ ಅತಿಯಾಗಿದೆ ಎನ್ನಬೇಕು, ಅರೇಬಿಯನ್ ರಾತ್ರಿಗಳ ವರ್ತಕನ ಕತೆಗಿಂತ ಹೆಚ್ಚಿನ ನೀತಿ ಇದರಲ್ಲಿ ಇರಬಾರದಿತ್ತು ಎಂದನಂತೆ. ಆ ವರ್ತಕ ಬಾವಿಯ ಬಳಿ ಕೂತು ಖರ್ಜೂರ ತಿಂದು ಬೀಜ ಎಸೆಯುತ್ತಾನೆ. ಜಿನ್ನಿಯೊಂದು ಎದ್ದು ಬಂದು, ನೀನೆಸೆದ ಬೀಜ ತಗುಲಿ ನನ್ನ ಮಗನ ಕಣ್ಣು ಹೋಯಿತು, ನಿನ್ನನ್ನು ಕೊಲ್ಲಲೇಬೇಕು ಎನ್ನುತ್ತದೆ. ಕವಿಗೆ ತಾನು ಏನು ಕಳಚಿಹಾಕುತ್ತಿದ್ದೇನೆ ಎಂಬುದು ಚೆನ್ನಾಗಿಯೇ ಗೊತ್ತಿತ್ತು. 1800ರ ಮುದ್ರಣದ ಟಿಪ್ಪಣಿಯಲ್ಲಿ, ಈ ನಾವಿಕ ತಾನಾಗಿ ಏನನ್ನೂ ಮಾಡುವುದಿಲ್ಲ, ಎಲ್ಲವೂ ಅವನಿಗೆ ಆಗುತ್ತದೆ ಎಂದು ವರ್ಡ್ಸ್‌ವರ್ತ್ ದೋಷವಾಗಿ ಎಣಿಸಿದ್ದು ನನ್ನ ಪ್ರಕಾರ ಕವನದ ಜೀವಾಳವೇ ಹೌದು.

ಅದೇ ಕವಿಯ ‘ಕ್ರಿಸ್ಟಬೆಲ್’ ಕವನ ಇನ್ನೂ ಒಂದು ಹೆಜ್ಜೆ ಮುಂದಿದೆ. ಇರುಳಿನಲ್ಲಿ ಓಕ್ ಮರದ ಕೆಳಗೆ ಪ್ರಾರ್ಥಿಸುತ್ತಿದ್ದ ಹುಡುಗಿ, ದಿಕ್ಕುಗೆಟ್ಟವಳಂತೆ ಕಂಡ ಜೆರಾಲ್ಡೀನಳನ್ನು ಕನಿಕರದಿಂದ ಕೋಟೆಗೆ ಕರೆತರುತ್ತಾಳೆ. ಅತಿಥಿಗೆ ಹೊಸ್ತಿಲು ದಾಟಲಾಗುವುದಿಲ್ಲ, ಕ್ರಿಸ್ಟಬೆಲ್ ಅವಳನ್ನು ಎತ್ತಿ ಒಳಗೆ ತರಬೇಕಾಗುತ್ತದೆ. ನಿದ್ದೆಯಲ್ಲಿದ್ದ ನಾಯಿ ಮುಲುಗುತ್ತದೆ. ಆರಿದ್ದ ಕೆಂಡದಿಂದ ಅವಳು ಹಾಯುವಾಗ ಜ್ವಾಲೆಯೊಂದು ನಾಲಗೆ ಚಾಚುತ್ತದೆ. ಒಳ್ಳೆಯ ಕೆಲಸಕ್ಕೆ ಸಿಕ್ಕ ಪ್ರತಿಫಲವೆಂದರೆ ಕಂಡದ್ದನ್ನು ಹೇಳಲಾಗದ ಮಾಟ. ಅವಳನ್ನು ಕಳಿಸಿಬಿಡು ಎಂದಷ್ಟೇ ತಂದೆಯ ಕಾಲಿಗೆ ಬಿದ್ದು ಬೇಡುವ ಮಗಳನ್ನು ಸರ್ ಲಿಯೊಲೈನ್ ಅತಿಥಿದ್ರೋಹಿಯೆಂದು ತಿಳಿದು, ಮುಖ ತಿರುಗಿಸಿ ಜೆರಾಲ್ಡೀನಳ ಕೈ ಹಿಡಿದು ನಡೆಯುತ್ತಾನೆ. ಕವನ ಪೂರ್ತಿಯಾಗಲಿಲ್ಲ. 1816ರ ಜೂನ್ 18ರ ರಾತ್ರಿ ಜಿನೀವಾ ಸರೋವರದ ದಡದ ಮನೆಯಲ್ಲಿ ಕವಿ ಬೈರನ್ ಇದರ ಸಾಲುಗಳನ್ನು ಓದಿದಾಗ ಇನ್ನೊಬ್ಬ ಕವಿ ಪರ್ಸಿ ಶೆಲ್ಲಿ ಚೀರಿಕೊಂಡು ಹೊರಗೋಡಿದ ಎಂದು ಬೈರನ್ನನ ವೈದ್ಯ ಪಾಲಿಡೋರಿಯ ದಿನಚರಿ ಹೇಳುತ್ತದೆ. ಆ ಕೋಣೆಯಲ್ಲಿ ಹದಿನೆಂಟು ವರ್ಷದ ಮೇರಿಯೂ ಇದ್ದ ಕಾಲವದು.

ಉತ್ತರ: ದೀಪದಬುಡ

ಕಡಲಕಾಗೆಯವರು ಮೇರಿಯ ಹೆಸರೆತ್ತಿ ನಿಲ್ಲಿಸಿದ್ದಾರೆ. ಅವರ ಸೂತ್ರ ಅತ್ಯಂತ ಚೆನ್ನಾಗಿ ಕೂಡುವುದು ‘ಫ್ರಾಂಕೆನ್‌ಸ್ಟೈನ್’ ಕಾದಂಬರಿಗೇ. ಅಲ್ಲಿ ರಾಕ್ಷಸ ನ್ಯಾಯಾಧೀಶನ ಪೀಠದಿಂದ ಇಳಿದದ್ದಷ್ಟೇ ಅಲ್ಲ, ಫಿರ್ಯಾದಿಯಾಗಿ ಕೈಮುಗಿದು ನಿಂತಿದ್ದಾನೆ.

1818ರ ಜನವರಿ 1ರಂದು ಮೂರು ಸಂಪುಟಗಳಲ್ಲಿ, 500 ಪ್ರತಿಗಳಾಗಿ, ಲೇಖಕಿಯ ಹೆಸರಿಲ್ಲದೆ ಪ್ರಕಟವಾದ ಈ ಕಾದಂಬರಿಯ ಮುನ್ನುಡಿಯನ್ನು ಪರ್ಸಿ ಶೆಲ್ಲಿ ಬರೆದ. ಬರೀ ದೆವ್ವದ ಅಥವಾ ಮಾಟದ ಕತೆಗಿರುವ ಕೊರತೆಗಳು ಇದಕ್ಕಿಲ್ಲ ಎಂದು ಅದರಲ್ಲಿ ಮೊದಲೇ ಹೇಳಲಾಗಿದೆ. ಕಟ್ಟುನಿಟ್ಟಾಗಿ ನೋಡಿದರೆ ಕಾದಂಬರಿಯಲ್ಲಿ ಅತಿಮಾನುಷವೆಂಬುದೇ ಇಲ್ಲ. ಸತ್ತ ಕಪ್ಪೆಯ ಕಾಲು ವಿದ್ಯುತ್ತಿನಿಂದ ಅದುರುವುದನ್ನು ಗ್ಯಾಲ್ವಾನಿ 1791ರಲ್ಲಿ ಪ್ರಕಟಿಸಿದ್ದ; ಅವನ ಸೋದರಳಿಯ ಆಲ್ಡಿನಿ 1803ರಲ್ಲಿ ಲಂಡನ್ನಿನಲ್ಲಿ ಗಲ್ಲಿಗೇರಿದ ಒಬ್ಬ ಕೈದಿಯ ಶವದ ಮೇಲೆ ಅದನ್ನೇ ಮಾಡಿ ತೋರಿಸಿದ್ದ. ಭೂತವನ್ನು ಹುಟ್ಟಿಸುವುದಕ್ಕೆ ಪಾತಾಳ ಬೇಕಾಗಿಲ್ಲ ಎನ್ನುವಂಥ ಕಾಲ.

ಆಲ್ಪ್ಸ್ ಪರ್ವತದ ಹಿಮನದಿಯ ಮೇಲೆ ಸೃಷ್ಟಿಕರ್ತನೂ ಸೃಷ್ಟಿಯೂ ಎದುರಾಗುವ ಪ್ರಸಂಗವನ್ನು ಗಮನಿಸಿ. ವಿಕ್ಟರ್ ಬೈಗುಳ ಸುರಿಸುತ್ತಾನೆ. ಜೀವಿ ಕೊಡುವ ಉತ್ತರ ವಕೀಲನೊಬ್ಬನ ವಾದದಂತಿದೆ: ಮನುಷ್ಯರ ಕಾನೂನು ಎಷ್ಟೇ ಕ್ರೂರವಾಗಿದ್ದರೂ, ಶಿಕ್ಷೆ ವಿಧಿಸುವ ಮೊದಲು ಅಪರಾಧಿಗೆ ತನ್ನ ಪರವಾಗಿ ಮಾತನಾಡಲು ಅವಕಾಶ ಕೊಡುತ್ತದೆ, ನೀನೂ ಕೇಳು. ನಂತರ ಅಧ್ಯಾಯಗಟ್ಟಲೆ ಅವನೇ ಮಾತನಾಡುತ್ತಾನೆ. ಮಿಲ್ಟನ್, ಪ್ಲುಟಾರ್ಕ್, ಗಯಟೆ ಓದಿದ ರಾಕ್ಷಸ. ಆಡಮನಿಗಿದ್ದ ದೇವರೂ ಸೈತಾನನಿಗಿದ್ದ ಸಂಗಾತಿಗಳೂ ತನಗಿಲ್ಲವೆಂದು ಅಳೆದು ನೋಡುವ ರಾಕ್ಷಸ. ಹಳೆಯ ಕತೆಗಳಲ್ಲಿ ವಿಕಾರರೂಪವೇ ಒಂದು ಪುರಾವೆಯಾಗಿತ್ತು, ನೋಡಿದ ಕೂಡಲೇ ಒಳಗಿನದು ತಿಳಿಯುತ್ತಿತ್ತು. ಇಲ್ಲಿ ಅವನನ್ನು ಮನುಷ್ಯನಂತೆ ನಡೆಸಿಕೊಂಡವನು ಕುರುಡ ಮುದುಕ ಡಿ ಲೇಸಿ ಮಾತ್ರ. ನಿನ್ನ ಮುಖವನ್ನು ನೋಡಿ ತೀರ್ಮಾನಿಸಲು ನನಗೆ ಕಣ್ಣಿಲ್ಲ, ನಿನ್ನ ಮಾತಿನಲ್ಲಿ ಪ್ರಾಮಾಣಿಕತೆ ಕಾಣುತ್ತದೆ ಎನ್ನುತ್ತಾನೆ ಮುದುಕ. ಅಷ್ಟರಲ್ಲಿ ಮಗ ಫೀಲಿಕ್ಸ್ ಬಂದು ಕೋಲಿನಿಂದ ಬಡಿಯುತ್ತಾನೆ.

ಇದಕ್ಕೆ ಎದುರಾಗಿ ಮನುಷ್ಯರ ನ್ಯಾಯಸ್ಥಾನ ಏನು ಮಾಡುತ್ತದೆ ಎಂಬುದನ್ನೂ ಲೇಖಕಿ ಎರಡು ಕಡೆ ತೋರಿಸುತ್ತಾಳೆ. ಜೀವಿಯೇ ಬಟ್ಟೆಯಲ್ಲಿ ಸಿಕ್ಕಿಸಿದ ಒಂದು ಚಿಕ್ಕ ಭಾವಚಿತ್ರದ ಆಧಾರದ ಮೇಲೆ, ವಿಕ್ಟರನ ತಮ್ಮನನ್ನು ಕೊಂದಳೆಂಬ ಆರೋಪಕ್ಕೆ ಮನೆಗೆಲಸದ ನಿರಪರಾಧಿ ಜಸ್ಟೀನಳಿಗೆ ಮರಣದಂಡನೆಯಾಗುತ್ತದೆ. ಪಾದ್ರಿ ಬಹಿಷ್ಕಾರದ, ನರಕದ ಹೆದರಿಕೆ ಹುಟ್ಟಿಸಿ ಅವಳಿಂದ ಸುಳ್ಳು ತಪ್ಪೊಪ್ಪಿಗೆ ಹೇಳಿಸಿದ್ದಾನೆ. ನಿಜ ಬಲ್ಲ ವಿಕ್ಟರ್ ಬಾಯಿ ಬಿಡುವುದಿಲ್ಲ. ಕಡೆಗೆ ಅವನೇ ಜಿನೀವಾದ ನ್ಯಾಯಾಧಿಕಾರಿಯ ಬಳಿ ದೂರು ಒಯ್ದಾಗ, ಆ ಅಧಿಕಾರಿ ದೆವ್ವದ ಕತೆಗೆ ಕೊಡುವಂಥ ಅರೆನಂಬಿಕೆಯಿಂದ ಎಲ್ಲವನ್ನೂ ಕೇಳಿ, ಅಧಿಕೃತವಾಗಿ ಕ್ರಮ ಕೈಗೊಳ್ಳಬೇಕಾಗಿ ಬಂದ ಕ್ಷಣದಲ್ಲಿ ಪೂರಾ ಅಪನಂಬಿಕೆಗೆ ಮರಳುತ್ತಾನೆ. ಕೋಲ್‌ರಿಜ್ ಹೇಳಿದ ಆ ಬದಿಗಿಟ್ಟ ಅಪನಂಬಿಕೆಯ ಬಗ್ಗೆ ಇಷ್ಟು ಚುರುಕಾದ ವ್ಯಂಗ್ಯವನ್ನು ನಾನು ಬೇರೆಲ್ಲೂ ಓದಿಲ್ಲ.

ಒಂದು ಸೇರ್ಪಡೆ. 1823ರ ಜುಲೈನಲ್ಲಿ ರಿಚರ್ಡ್ ಬ್ರಿನ್ಸ್‌ಲಿ ಪೀಕ್ ಈ ಕತೆಯನ್ನು ಲಂಡನ್ನಿನ ರಂಗಕ್ಕೆ ತಂದ. ಪಾತ್ರಪಟ್ಟಿಯಲ್ಲಿ ಜೀವಿಯ ಹೆಸರಿನ ಜಾಗದಲ್ಲಿ ಬರೀ ಗೆರೆ ಎಳೆದಿದ್ದರು. ನಾಟಕ ನೋಡಿದ ಮೇರಿಗೆ ಹೆಸರಿಡಲಾಗದ್ದಕ್ಕೆ ಹೆಸರಿಡದಿರುವ ಆ ಉಪಾಯ ಹಿಡಿಸಿತು. ಆದರೆ ರಂಗದ ಮೇಲಿನ ಜೀವಿ ಮೂಕ. ಪ್ರಕಟವಾದ ಆರನೆಯ ವರ್ಷಕ್ಕೇ ಫಿರ್ಯಾದಿಯ ಬಾಯಿ ಕಟ್ಟಲಾಯಿತು. ಜನಸಾಮಾನ್ಯರ ಕಲ್ಪನೆಯಲ್ಲಿ ಮುಂದೆ ಉಳಿದದ್ದು ಗುರುಗುಟ್ಟುವ ದೈತ್ಯನೇ ಹೊರತು ಪ್ಲುಟಾರ್ಕ್ ಓದಿದವನಲ್ಲ.

ಉತ್ತರ: ಹಿತ್ತಲಬಾಗಿಲು

ನ್ಯಾಯದ ಸೂತ್ರ ಆಕರ್ಷಕವಾಗಿದೆ, ಆದರೆ ಅದು ಇಂಗ್ಲಿಷ್ ಕೃತಿಗಳಿಂದ ಹೆಣೆದ ಸೂತ್ರ ಎಂಬುದನ್ನು ಮರೆಯಬಾರದು. ಜರ್ಮನಿಯ ಕಡೆ ನೋಡಿದರೆ ಬೇರೊಂದು ಬದಲಾವಣೆ ಎದ್ದು ಕಾಣುತ್ತದೆ: ರಾಕ್ಷಸನನ್ನು ಗುರುತಿಸುವ ಶಕ್ತಿಯನ್ನೇ ಸಮಾಜ ಕಳೆದುಕೊಂಡಿತು.

ಹಾಫ್‌ಮನ್‌ನ ‘ಮರಳಿನ ಮನುಷ್ಯ’ 1816ರದು. ಮಲಗದ ಮಕ್ಕಳ ಕಣ್ಣು ಕೀಳುವವನೆಂದು ದಾದಿ ಹೇಳಿದ ಕತೆಯ ಭೂತವನ್ನು ಬಾಲಕ ನಥಾನಿಯೆಲ್ ತನ್ನ ತಂದೆಯ ಬಳಿ ಬರುತ್ತಿದ್ದ ಕೊಪೇಲಿಯಸ್ ಎಂಬ ಮುದಿ ವಕೀಲನಲ್ಲಿ ಕಾಣುತ್ತಾನೆ. (ವಕೀಲ! ಇದನ್ನು ಕಡಲಕಾಗೆಯವರು ತಮ್ಮ ಕಡೆಯ ಸಾಕ್ಷಿಯೆಂದು ಬರೆದುಕೊಳ್ಳಬಹುದು.) ಬೆಳೆದ ಮೇಲೆ ದುರ್ಬೀನು ಮಾರುವ ಕೊಪೋಲನಲ್ಲಿ ಅವನನ್ನೇ ಮತ್ತೆ ಕಾಣುತ್ತಾನೆ. ಅದೆಲ್ಲ ನಿನ್ನ ಮನಸ್ಸಿನ ಆಟ ಎಂದು ಅವನ ಪ್ರೇಯಸಿ ಕ್ಲಾರಾ ಬಹಳ ವಿವೇಕದಿಂದ ಬರೆಯುತ್ತಾಳೆ. ಇಬ್ಬರಲ್ಲಿ ಯಾರು ಸರಿ ಎಂಬುದನ್ನು ನಿರೂಪಕ ಕಡೆಯವರೆಗೂ ಬಿಟ್ಟುಕೊಡುವುದಿಲ್ಲ. ಅದೇ ದುರ್ಬೀನಿನಿಂದ ನೋಡಿ ನಥಾನಿಯೆಲ್ ಪ್ರೀತಿಸುವ ಒಲಿಂಪಿಯಾ ಮರದ ಯಂತ್ರಬೊಂಬೆ. ನಿಟ್ಟುಸಿರಿನಂಥ ಒಂದು ಉದ್ಗಾರ ಬಿಟ್ಟರೆ ಅವಳಿಗೆ ಹೆಚ್ಚು ಮಾತಿಲ್ಲ, ಅದನ್ನೇ ಅವನು ಆಳವಾದ ಆತ್ಮವೆಂದು ಬಗೆಯುತ್ತಾನೆ. ಗುಟ್ಟು ರಟ್ಟಾದ ಮೇಲೆ ಊರಿನ ಸಭ್ಯ ವಲಯದಲ್ಲಿ ನಡೆಯುವುದು ಶುದ್ಧ ಹಾಸ್ಯ. ತಮ್ಮ ಪ್ರೇಯಸಿ ಬೊಂಬೆಯಲ್ಲವೆಂದು ಖಾತರಿಪಡಿಸಿಕೊಳ್ಳಲು ತರುಣರು ಅವಳು ತುಸು ತಾಳ ತಪ್ಪಿ ಹಾಡಲಿ, ಕುಣಿಯಲಿ ಎಂದು ಕೇಳತೊಡಗುತ್ತಾರೆ. ಕಾವ್ಯದ ಪ್ರಾಧ್ಯಾಪಕನೊಬ್ಬ ಇದೆಲ್ಲವೂ ರೂಪಕ ಎಂದು ನಶ್ಯ ಏರಿಸುತ್ತ ಸಾರುತ್ತಾನೆ. ಬೊಂಬೆಯನ್ನು ಮಾಡಿದ ಸ್ಪಲಾಂಜಾನಿ, ಮನುಷ್ಯ ಸಮಾಜದೊಳಗೆ ವಂಚನೆಯಿಂದ ಯಂತ್ರವನ್ನು ಸೇರಿಸಿದ ಅಪರಾಧದ ವಿಚಾರಣೆಗೆ ಹೆದರಿ ಊರು ಬಿಡುತ್ತಾನೆ. ಸಜ್ಜನರ ಚಹಾಕೂಟದಲ್ಲಿ ಬೊಂಬೆಯೊಂದು ಅಷ್ಟು ದಿನ ಸಲೀಸಾಗಿ ಕೂತಿತ್ತು ಎಂಬುದು ಬೊಂಬೆಗಿಂತ ಹೆಚ್ಚಾಗಿ ಸಜ್ಜನರ ಬಗ್ಗೆ ಹೇಳುತ್ತದೆ.

ಇಂಗ್ಲಿಷಿಗೆ ಬಂದ ರಕ್ತಪಿಶಾಚಿಯ ಕತೆಯೂ ಇದೇ ದಾರಿಯದು. 1732ರಲ್ಲಿ ಆಸ್ಟ್ರಿಯಾದ ಸೇನಾವೈದ್ಯರು ಸರ್ಬಿಯಾದ ಹಳ್ಳಿಯೊಂದರ ಗೋರಿಗಳನ್ನು ಅಗೆಸಿ ಬರೆದ ವರದಿಯಲ್ಲಿ ಪಿಶಾಚಿ ಎಂದರೆ ಊದಿಕೊಂಡು ಕೆಂಪೇರಿದ ಒಬ್ಬ ಹಳ್ಳಿಗನ ಹೆಣ. 1755ರಲ್ಲಿ ರಾಣಿ ಮರಿಯಾ ಥೆರೇಸಾ ಇಂಥ ಹೆಣಗಳ ಮೇಲಿನ ವಿಧಿಗಳನ್ನೇ ನಿಷೇಧಿಸಿದಳು. ಪಾಲಿಡೋರಿಯ ಕತೆ 1819ರ ಏಪ್ರಿಲ್‌ನಲ್ಲಿ ಬೈರನ್ನನ ಹೆಸರು ಹೊತ್ತು ಪತ್ರಿಕೆಯಲ್ಲಿ ಬಂದಾಗ ಆ ಹೆಣ ಲಾರ್ಡ್ ರೂಥ್‌ವೆನ್ ಆಗಿ ಲಂಡನ್ನಿನ ಔತಣಕೂಟಗಳಲ್ಲಿ ಓಡಾಡುತ್ತಿತ್ತು. ಅವನು ಯಾರೆಂದು ಬಲ್ಲ ತರುಣ ಆಬ್ರಿಯ ಬಾಯಿಗೆ ಒಂದು ವರ್ಷ ಒಂದು ದಿನದ ಆಣೆಯ ಬೀಗ ಬಿದ್ದಿದೆ. ಸಭ್ಯ ಮನುಷ್ಯ ಕೊಟ್ಟ ಮಾತು ತಪ್ಪಬಾರದು ಎಂಬ ಮರ್ಯಾದೆಯೇ ಅವನ ತಂಗಿಯ ಕೊರಳನ್ನು ಪಿಶಾಚಿಗೆ ಒಪ್ಪಿಸುತ್ತದೆ. ಕತೆ ಮುಗಿಯುವಾಗ ರೂಥ್‌ವೆನ್ ನಿರಾಯಾಸವಾಗಿ ಮಾಯವಾಗಿರುತ್ತಾನೆ.

ಜೇಮ್ಸ್ ಹಾಗ್ 1824ರಲ್ಲಿ ಬರೆದ ‘ಸಮರ್ಥಿತ ಪಾಪಿ’ಯ ಆತ್ಮಕತೆಯಲ್ಲಂತೂ ಒಂದೇ ಘಟನಾವಳಿಯನ್ನು ಸಂಪಾದಕ ಒಮ್ಮೆ, ಪಾಪಿ ಒಮ್ಮೆ ಹೇಳುತ್ತಾರೆ. ಪಾಪಿಯ ಬೆನ್ನು ಹತ್ತಿದ ಗಿಲ್-ಮಾರ್ಟಿನ್ ಸೈತಾನನೋ ಹುಚ್ಚಿನ ನೆರಳೋ ತೀರ್ಮಾನವಾಗುವುದಿಲ್ಲ. ತನಗೆ ಈ ಪುಸ್ತಕ ಅರ್ಥವಾಗುವುದಿಲ್ಲ, ತೀರ್ಪು ಕೊಡಲಾರೆ ಎಂದು ಸಂಪಾದಕನೇ ಕೈಚೆಲ್ಲುತ್ತಾನೆ. ಇಂಥ ಇಬ್ಬಂದಿಯನ್ನೇ ವಿಮರ್ಶಕ ಟೋಡರೋವ್ 1970ರಲ್ಲಿ ಅದ್ಭುತ ಸಾಹಿತ್ಯದ ಲಕ್ಷಣವೆಂದು ಹೇಳಿದ. ಒಳಗೋ ಹೊರಗೋ ಎಂಬ ಪ್ರಶ್ನೆ ಕೇಳಿದವರಿಗೆ ಈ ಲೇಖಕರು ಕೊಡುವ ಉತ್ತರ ಅದನ್ನು ಇತ್ಯರ್ಥವಾಗದಂತೆ ಉಳಿಸುವುದು.

ಮರುಪ್ರಶ್ನೆ: ಹಾಳೆಯಂಚು

ಎಲ್ಲರಿಗೂ ಕೃತಜ್ಞತೆಗಳು. ನ್ಯಾಯಾಧಿಕಾರ ತಪ್ಪಿದ ಭೂತ, ಗುರುತು ಸಿಗದ ರಾಕ್ಷಸ ಎಂಬ ಎರಡೂ ಮಾತುಗಳು ಒಂದನ್ನೊಂದು ಅಲ್ಲಗಳೆಯುವುದಿಲ್ಲ ಎಂದು ನನಗೆ ತೋರುತ್ತದೆ. ನ್ಯಾಯ ಹೇಳಲು ಮೊದಲು ಗುರುತು ಹಿಡಿಯಬೇಕಲ್ಲ. ಆದರೆ ಹಿತ್ತಲಬಾಗಿಲು ಅವರ ವಾದಕ್ಕೆ ಒಂದು ಅಡ್ಡಿ ಇದೆ. ಕೀಟ್ಸ್ 1820ರಲ್ಲಿ ಪ್ರಕಟಿಸಿದ ‘ಲೇಮಿಯಾ’ ಕವನದಲ್ಲಿ ತತ್ತ್ವಜ್ಞಾನಿ ಅಪೊಲೋನಿಯಸ್ ಮದುವೆಯ ಔತಣಕ್ಕೆ ಕರೆಯದೆ ಬಂದು, ಮದುಮಗಳನ್ನು ದಿಟ್ಟಿಸಿ, ಇವಳು ಸರ್ಪ ಎಂದು ಸರಿಯಾಗಿಯೇ ಗುರುತಿಸುತ್ತಾನೆ. ಗುರುತಿಸುವ ಶಕ್ತಿ ಅಲ್ಲಿ ಪೂರ್ತಿ ಇದೆ, ತೀರ್ಪೂ ಆಗುತ್ತದೆ. ಹಾಗಿದ್ದೂ ಓದುಗನ ಮನಸ್ಸು ಲೇಮಿಯಾಳ ಕಡೆಗೇ ವಾಲುತ್ತದೆ. ಇದನ್ನು ಹೇಗೆ ಅರ್ಥ ಮಾಡಿಕೊಳ್ಳಬೇಕು?

ಉತ್ತರ: ಕಡಲಕಾಗೆ

ಇದಕ್ಕೆ ಕೀಟ್ಸ್ ತಾನೇ ಪುರಾವೆ ಒದಗಿಸಿದ್ದಾನೆ. ಅವನಿಗೆ ಕತೆ ಸಿಕ್ಕಿದ್ದು 1621ರ ರಾಬರ್ಟ್ ಬರ್ಟನ್‌ನ ವಿಷಣ್ಣತೆಯ ಗ್ರಂಥದಿಂದ. ಬರ್ಟನ್ ಅದನ್ನು ಗ್ರೀಕ್ ಲೇಖಕ ಫಿಲೊಸ್ಟ್ರೇಟಸ್‌ನಿಂದ ತೆಗೆದುಕೊಂಡಿದ್ದ. ಬರ್ಟನ್‌ನ ಆ ಭಾಗವನ್ನು ಕೀಟ್ಸ್ ತನ್ನ ಕವನದ ಕೊನೆಯಲ್ಲಿ ಹಾಗೆಯೇ ಅಚ್ಚು ಹಾಕಿಸಿದ. ಅದರಲ್ಲಿ ತನ್ನ ಗುಟ್ಟು ಬಯಲಾದಾಗ ಲೇಮಿಯಾ ಅತ್ತು, ಸುಮ್ಮನಿರು ಎಂದು ಅಪೊಲೋನಿಯಸ್‌ನನ್ನು ಬೇಡುತ್ತಾಳೆ, ಅವನು ಜಗ್ಗುವುದಿಲ್ಲ, ಅವಳೂ ಬೆಳ್ಳಿಯ ಪಾತ್ರೆಗಳೂ ಮನೆಯೂ ಕ್ಷಣದಲ್ಲಿ ಇಲ್ಲವಾಗುತ್ತವೆ. ಕತೆ ಅಲ್ಲಿಗೆ ಮುಗಿಯಿತು. ತರುಣ ಸಾಯುವುದಿಲ್ಲ. ಫಿಲೊಸ್ಟ್ರೇಟಸ್‌ನಲ್ಲಂತೂ ಗುರು ಶಿಷ್ಯನನ್ನು ರಕ್ತ ಹೀರುವ ಪಿಶಾಚಿಯ ಬಾಯಿಂದ ಉಳಿಸಿದ ಎಂಬುದೇ ಪ್ರಸಂಗದ ಅರ್ಥ.

ಕೀಟ್ಸ್‌ನ ಕವನದಲ್ಲಿ ಲೇಮಿಯಾ ಚೀತ್ಕರಿಸಿ ಮಾಯವಾದ ಅದೇ ರಾತ್ರಿ ಮದುಮಗ ಲೈಸಿಯಸ್ ಸಾಯುತ್ತಾನೆ. ಆ ಸಾವು ಕೀಟ್ಸ್‌ನ ಸೇರ್ಪಡೆ. ಕಥಾವಸ್ತು ಒಂದೇ, ತತ್ತ್ವಜ್ಞಾನಿ ಹೇಳಿದ ಮಾತೂ ಒಂದೇ, ಅದು ನಿಜವೂ ಹೌದು. ಹಿಂದೆ ರಕ್ಷಣೆಯಾಗಿದ್ದ ಆ ನಿಜ ಇಲ್ಲಿ ಕೊಲೆಯಾಗಿದೆ. ತಣ್ಣನೆಯ ತತ್ತ್ವಜ್ಞಾನ ಸೋಂಕಿದರೆ ಮೋಹಕವಾದುದೆಲ್ಲ ಹಾರಿಹೋಗುತ್ತದೆ, ಅದು ಕಾಮನಬಿಲ್ಲಿನ ನೂಲುಗಳನ್ನೂ ಬಿಚ್ಚಿಬಿಡುತ್ತದೆ ಎಂದು ಕವಿ ನಡುವೆ ನಿಂತು ಹೇಳುವ ಸಾಲುಗಳನ್ನು ಎಲ್ಲರೂ ಉಲ್ಲೇಖಿಸುತ್ತಾರೆ. ಅಷ್ಟನ್ನೇ ಹಿಡಿದು ಅವನನ್ನು ವಿಜ್ಞಾನವಿರೋಧಿ ಎನ್ನುವುದು ಅವಸರದ ಮಾತು, ಏಕೆಂದರೆ ಲೈಸಿಯಸ್‌ನೂ ನಿರ್ದೋಷಿಯಲ್ಲ. ಮದುವೆ ಗುಟ್ಟಾಗಿರಲಿ ಎಂದು ಲೇಮಿಯಾ ಕಾಲಿಗೆ ಬಿದ್ದು ಅತ್ತರೂ ಅವಳ ಅಳುವಿನಲ್ಲಿ ಅವನಿಗೊಂದು ಸುಖ ಸಿಗುತ್ತದೆ, ತನ್ನ ಸೊತ್ತನ್ನು ಊರಿಗೆಲ್ಲ ಮೆರೆಸುವ ಹಟಕ್ಕೆ ಬೀಳುತ್ತಾನೆ. ಕವನದುದ್ದಕ್ಕೂ ಅವನ ಮೈಮೇಲೆ ಹಲ್ಲು ಊರದವಳು ಸರ್ಪವೆಂದು ಕರೆಸಿಕೊಂಡ ಆ ಒಬ್ಬಳೇ. ಬರ್ಟನ್‌ನ ಸಾಲುಗಳನ್ನು ಮೊದಲು ಓದಿ, ನಂತರ ಕವನದ ಎರಡನೆಯ ಭಾಗವನ್ನು ಓದಿದರೆ ಎಲ್ಲೆಲ್ಲಿ ಕೀಟ್ಸ್ ಕೈಯಾಡಿಸಿದ್ದಾನೆ ಎಂಬುದು ಸ್ಪಷ್ಟವಾಗಿ ಕಾಣುತ್ತದೆ.